ಆಮೆ ಅಜ್ಜಿ ಬರುವಷ್ಟರಲ್ಲಿ

ದೂರು ಕೇಳುವುದು ದೂರಪ್ಪನಿಗೆ ಹೊಸದೇನಲ್ಲ. ಅದೇ ಅವನ ಹೊಟ್ಟೆಪಾಡು. ನೀರು ಸರಬರಾಜು ಕಚೇರಿಯ ನೆಲಮಹಡಿಯಲ್ಲಿ ಗಾಜಿನ ಕಿಂಡಿಯ ಹಿಂದೆ ಕೂತು, ನೀರು ಬಾರದವರ, ಬಂದರೂ ಕೆಸರಾಗಿ ಬಂದವರ, ನಲ್ಲಿಗೆ ಬಾರದೆ ನೇರ ನಡುಮನೆಗೇ ಬಂದವರ ಅಹವಾಲುಗಳನ್ನು ಇಡೀ ದಿನ ಆಲಿಸಿ, ಎಲ್ಲರಿಗೂ ಒಂದೇ ಮುಖ ಹಾಕಿಕೊಂಡು "ಪರಿಶೀಲಿಸಲಾಗುವುದು" ಎನ್ನುವುದು ಅವನ ಉದ್ಯೋಗ. "ತಪ್ಪಾಯ್ತು" ಎಂಬ ಮಾತು ಆ ಕಿಂಡಿಯಿಂದ ಇದುವರೆಗೆ ಅಪ್ಪಿತಪ್ಪಿಯೂ ಹೊರಬಿದ್ದಿರಲಿಲ್ಲ. ಅವನ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತು. ಕಚೇರಿಯವರು ದೂರಪ್ಪ ಎಂದರು, ಬೀದಿಯವರು ದೂರಪ್ಪ ಎಂದರು, ಕೊನೆಗೆ ಹೆಂಡತಿಯೂ ಹಾಗೆಯೇ ಕರೆಯತೊಡಗಿದಳು. (ಮಗಳ ವಿಷಯ ಬಂದಾಗಲೆಲ್ಲ ಒಂದು ಕೋಣೆ ದೂರದಲ್ಲೇ ಉಳಿಯುವ ಅಪ್ಪನಾದ್ದರಿಂದ ಈ ಹೆಸರು ಎರಡು ಕಡೆಯಿಂದಲೂ ಸರಿ ಎಂಬುದು ಅವಳ ವಾದ.)

ಇಂಥ ನುರಿತ ದೂರಪ್ಪನಿಗೂ ಬೆವರಿಳಿಸಿದ ದೂರು ಬಂದದ್ದು ಮಗಳ ಶಿಶುವಿಹಾರದಿಂದ.

ಮಗಳಿಗೆ ನಾಲ್ಕು ವರ್ಷ. ನಿಂತಲ್ಲಿ ನಿಲ್ಲದೆ ಸುತ್ತುವುದರಿಂದ ಮನೆಯಲ್ಲಿ ಅವಳನ್ನು ಬುಗುರಿ ಎಂದು ಕರೆಯುತ್ತಿದ್ದರು. ಶಿಶುವಿಹಾರದ ಮಿಸ್ಸು ತೀರಾ ಮೆಲುದನಿಯವರು. ಕೆಟ್ಟ ಸುದ್ದಿಯನ್ನು ಜೋಗುಳದಂತೆ ಹೇಳುತ್ತಿದ್ದರು.

"ಬುಗುರಿ ತುಂಬ ಚುರುಕು. ಆದ್ರೆ ಹಂಚ್ಕೊಳ್ಳೋದು ಬರಲ್ಲ, ಸರದಿ ಅನ್ನೋದು ಗೊತ್ತಿಲ್ಲ. ಜಾರುಬಂಡೆ ಮೇಲೆ ಯಾರಾದ್ರೂ ಕೂತಿದ್ರೆ ಹಿಂದಿನಿಂದ ತಳ್ಳಿ ಕೆಳಗಿಳಿಸ್ತಾಳೆ."

"ಜಾರುಬಂಡೆ ಇರೋದೇ ಕೆಳಗಿಳಿಯೋದಕ್ಕಲ್ವಾ ಮಿಸ್?" ಎಂದ ದೂರಪ್ಪ, ಕಿಂಡಿಯ ಅಭ್ಯಾಸದಲ್ಲಿ.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಅವನ ಪಾದದ ಮೇಲೆ ತನ್ನ ಪಾದವಿಟ್ಟು ಒತ್ತಿದಳು. ಅವಳು ಫಿಸಿಯೋಥೆರಪಿಯವಳು; ಯಾವ ಮೂಳೆಯನ್ನು ಎಷ್ಟು ಒತ್ತಿದರೆ ಮನುಷ್ಯ ಸುಮ್ಮನಾಗುತ್ತಾನೆ ಎಂಬುದನ್ನು ಶಾಸ್ತ್ರೋಕ್ತವಾಗಿ ಕಲಿತವಳು.

ಮಿಸ್ಸು ಒಂದು ಉಪಾಯ ಹೇಳಿದರು. ಪ್ರತಿ ಸಂಜೆ ಟಿವಿಯಲ್ಲಿ "ಕೊಡೆಯಡಿಯ ಗೆಳೆಯರು" ಅಂತ ಪುಟ್ಟ ಮಕ್ಕಳ ಕಾರ್ಯಕ್ರಮ ಬರುತ್ತದೆ. ಹಂಚಿಕೊಳ್ಳುವುದು, ಕಾಯುವುದು, ಕ್ಷಮೆ ಕೇಳುವುದು ಎಲ್ಲವನ್ನೂ ಬೊಂಬೆಗಳ ಮೂಲಕ ಕಲಿಸುತ್ತಾರೆ. "ಆದ್ರೆ ಸುಮ್ನೆ ಹಾಕಿ ಎದ್ದು ಹೋದ್ರೆ ಪ್ರಯೋಜನ ಇಲ್ಲ. ದೊಡ್ಡವರು ಯಾರಾದ್ರೂ ಪಕ್ಕದಲ್ಲಿ ಕೂತು ಪೂರ್ತಿ ನೋಡ್ಬೇಕು. ಆಮೇಲೆ ಮಗು ಜೊತೆ ಮಾತಾಡ್ಬೇಕು. ಬಾತುಕೋಳಿಗೆ ಯಾಕೆ ಬೇಜಾರಾಯ್ತು, ನೀನಾಗಿದ್ರೆ ಏನ್ ಮಾಡ್ತಿದ್ದೆ, ಹೀಗೆ."

ಸಂಜೆ ಹೊತ್ತು ಹೆಂಡತಿ ಕ್ಲಿನಿಕ್ಕಿನಲ್ಲಿ ಊರವರ ಕುತ್ತಿಗೆ ತಿರುಗಿಸುತ್ತಿರುತ್ತಾಳೆ. ಹಾಗಾಗಿ ಈ ಮಹತ್ಕಾರ್ಯ ದೂರಪ್ಪನ ಪಾಲಿಗೆ ಬಂತು. ಅವನಿಗೆ ಒಳಗೊಳಗೇ ಖುಷಿ. ಸೋಫಾದ ಮೇಲೆ ಕಾಲು ಚಾಚಿ ಟಿವಿ ನೋಡುವುದೇ ಕರ್ತವ್ಯಪಾಲನೆ ಅನ್ನಿಸಿಕೊಳ್ಳುವ ಭಾಗ್ಯ ಎಷ್ಟು ಗಂಡಂದಿರಿಗುಂಟು?

"ಪೂರ್ತಿ ತೋರಿಸ್ಬೇಕು ರೀ, ನೆನಪಿರಲಿ" ಎಂದಳು ಹೆಂಡತಿ ದಾರಿಯಲ್ಲಿ.

"ನನ್ನ ಮಗಳಿಗೆ ನಾನು ಅರ್ಧ ತೋರಿಸ್ತೀನಾ?" ಎಂದ ದೂರಪ್ಪ. ಆಗ ಅವನು ಹೇಳಿದ್ದು ಮನಃಪೂರ್ವಕವಾಗಿಯೇ.

ಕಾರ್ಯಕ್ರಮ ಚೆನ್ನಾಗಿತ್ತು. ಹುಲ್ಲುಗಾವಲಿನ ನಡುವೆ ದೊಡ್ಡದೊಂದು ಹಳದಿ ಕೊಡೆ. ಅದರ ಕೆಳಗೆ ಬಾತುಕೋಳಿ, ಅಳಿಲು, ಮುಳ್ಳುಹಂದಿ ವಾಸ. ದಿನಕ್ಕೊಂದು ಜಗಳ. ಕೊಡೆಯ ನಡುವೆ ಯಾರು ನಿಲ್ಲಬೇಕು, ಚೆಂಡು ಯಾರದ್ದು, ಮುಳ್ಳುಹಂದಿಯನ್ನು ಆಟಕ್ಕೆ ಸೇರಿಸಿಕೊಂಡರೆ ಚುಚ್ಚುತ್ತದೆಯೇ, ಹೀಗೆ. ಜಗಳ ಶುರುವಾಗುವ ಹೊತ್ತಿಗೆ ದೂರದ ಗುಡ್ಡದಾಚೆಯಿಂದ ಆಮೆ ಅಜ್ಜಿ ಕೋಲೂರಿಕೊಂಡು "ಬಂದೆ ಮಕ್ಕಳೇ, ಬಂದೆ" ಎನ್ನುತ್ತಾ ಹೊರಡುತ್ತಾಳೆ. ಆಮೆಯಾದ್ದರಿಂದ ಬರುವುದು ನಿಧಾನ. ಜಗಳ ಏರುತ್ತಿರುತ್ತದೆ, ಅಜ್ಜಿ ಸೇತುವೆ ದಾಟುತ್ತಿರುತ್ತಾಳೆ. ಮುಳ್ಳುಹಂದಿ ಅಳುತ್ತಿರುತ್ತದೆ, ಅಜ್ಜಿ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿರುತ್ತಾಳೆ.

ಸರಿಯಾಗಿ ಆ ಹೊತ್ತಿಗೇ ಇನ್ನೊಂದು ಚಾನೆಲ್ಲಿನಲ್ಲಿ ದೂರಪ್ಪನ ಪ್ರಾಣಪ್ರಿಯ ಚರ್ಚಾ ಕಾರ್ಯಕ್ರಮ ಶುರುವಾಗುತ್ತಿತ್ತು. ಕಪ್ಪು ಕೋಟು ತೊಟ್ಟವನೊಬ್ಬ ಮೇಜು ಗುದ್ದಿ ಪ್ರಶ್ನೆ ಕೇಳುವುದು, ಸುತ್ತ ಕೂತ ಕೋಟುಗಳೆಲ್ಲ ಒಟ್ಟಿಗೆ ಉತ್ತರ ಕೊಡುವುದು, ಯಾರ ಮಾತೂ ಯಾರಿಗೂ ಕೇಳದೆ ಮುಗಿಯುವುದು. ಇಡೀ ದಿನ ಬೈಸಿಕೊಂಡು ಬಂದ ದೂರಪ್ಪನಿಗೆ, ತಾನಲ್ಲದ ಬೇರೆ ಯಾರಾದರೂ ಬೈಸಿಕೊಳ್ಳುವುದನ್ನು ನೋಡುವುದೇ ಒಂದು ವಿಶ್ರಾಂತಿ.

ಮೊದಲ ದಿನ ಶುರುವಿನ ಗುದ್ದಾಟ ಮಾತ್ರ ನೋಡೋಣವೆಂದು ರಿಮೋಟು ಒತ್ತಿದ.

"ಅಪ್ಪಾ, ಆಮೆ ಅಜ್ಜಿ?" ಎಂದಳು ಬುಗುರಿ.

"ಮುಗೀತು ಪುಟ್ಟಾ. ಅಜ್ಜಿಗೆ ಕಾಲುನೋವು. ನಾಳೆ ಬರ್ತಾಳೆ."

ಮರುದಿನವೂ ಅಜ್ಜಿಗೆ ಕಾಲುನೋವು. ಅದರ ಮರುದಿನ ಸೇತುವೆ ರಿಪೇರಿ. ಆಮೇಲೊಂದು ದಿನ ಅಜ್ಜಿಗೆ ನೆಗಡಿ. ಹೇಗೂ ಕೊನೆಯಲ್ಲಿ ಎಲ್ಲರೂ ಒಂದಾಗುತ್ತಾರೆ, ಅದರಲ್ಲಿ ನೋಡುವುದೇನಿದೆ ಎಂಬುದು ದೂರಪ್ಪನ ಸಿದ್ಧಾಂತ. ಜಗಳ ನೋಡಿದ ಮೇಲೆ ಜಗಳವಾಡಬಾರದು ಎಂದು ಮಗುವಿಗೇ ಹೊಳೆಯಬೇಡವೇ? ಕೆಲವು ದಿನ ಕಳೆದ ಮೇಲೆ ಬುಗುರಿ ಕೇಳುವುದನ್ನೇ ಬಿಟ್ಟಳು. ಅಪ್ಪ ರಿಮೋಟಿಗೆ ಕೈ ಹಾಕುತ್ತಲೇ ತಾನಾಗಿಯೇ "ಮುಗೀತು" ಎಂದು ಹೇಳಿ, ಅವನ ಪಕ್ಕಕ್ಕೆ ಜರುಗಿ, ಕೋಟಿನವರ ಕೂಗಾಟವನ್ನು ಬಾಯಿ ತೆರೆದುಕೊಂಡು ನೋಡತೊಡಗಿದಳು. ಎಂಥ ಹೊಂದಿಕೊಳ್ಳುವ ಮಗು ಎಂದು ದೂರಪ್ಪ ಹೆಮ್ಮೆಪಟ್ಟ.

ಹೆಂಡತಿ ಮನೆಗೆ ಬಂದವಳೇ ವರದಿ ಕೇಳುತ್ತಿದ್ದಳು.

"ಪೂರ್ತಿ ನೋಡಿದ್ರಾ?"

"ಪೂರ್ತಿ."

"ಆಮೇಲೆ ಮಾತಾಡಿದ್ರಾ?"

"ವಿಸ್ತೃತ ಚರ್ಚೆ ನಡೆಯಿತು." (ಇದು ಸುಳ್ಳಲ್ಲ. ಚರ್ಚೆ ನಡೆದದ್ದು ಟಿವಿಯೊಳಗೆ.)

"ಇವತ್ತು ಆಮೆ ಅಜ್ಜಿ ಏನ್ ಹೇಳಿದ್ಳು?"

ದೂರಪ್ಪ ಅಜ್ಜಿಯ ಮುಖವನ್ನು ಹತ್ತಿರದಿಂದ ನೋಡಿದವನೇ ಅಲ್ಲ. ಆದರೂ ಧೈರ್ಯಗೆಡದೆ, "ಊಟಕ್ಕೆ ಮುಂಚೆ ಕೈ ತೊಳ್ಕೋಬೇಕು ಅಂದ್ಳು" ಎಂದ.

"ನಿನ್ನೆಯೂ ಕೈ ತೊಳೆಯೋದೇ ಹೇಳಿದ್ಳಲ್ಲ?"

"ಕೈ ಎರಡಿವೆಯಲ್ಲ."

ಇಡೀ ಸಂಜೆ ಕುತ್ತಿಗೆಗಳ ಜೊತೆ ಗುದ್ದಾಡಿ ದಣಿದು ಬಂದವಳಿಗೆ ಅದಕ್ಕಿಂತ ಹೆಚ್ಚು ಕೆದಕುವ ಚೈತನ್ಯ ಇರಲಿಲ್ಲ.

ಆದರೆ ಫಲಿತಾಂಶ ಮನೆಯಲ್ಲೇ ಓಡಾಡತೊಡಗಿತು. ಹಾಲು ಕುಡಿ ಎಂದರೆ ಬುಗುರಿ ತೊಡೆ ತಟ್ಟಿ "ನೀವು ವಿಷಯಾಂತರ ಮಾಡ್ತಿದ್ದೀರಿ!" ಎನ್ನುವಳು. ಆಟದ ಸಾಮಾನು ಎತ್ತಿಡು ಎಂದರೆ "ನನಗೆ ಮಾತಾಡೋಕೆ ಬಿಡಿ! ನನಗೆ ಮಾತಾಡೋಕೆ ಬಿಡಿ!" ಮಾತಾಡಲು ಬಿಟ್ಟರೆ ಮಾತಿಲ್ಲ. ಬಚ್ಚಲಿಗೆ ಹೋಗಬೇಕಾದಾಗ "ಒಂದು ಸಣ್ಣ ವಿರಾಮ" ಎಂದು ಘೋಷಿಸಿ ಓಡುವಳು.

"ವಿಷಯಾಂತರ ಅಂತ ಬಾತುಕೋಳಿ ಹೇಳುತ್ತೇನ್ರೀ?" ಎಂದಳು ಹೆಂಡತಿ ಹುಬ್ಬು ಗಂಟಿಕ್ಕಿ.

"ಓದಿದ ಬಾತುಕೋಳಿ" ಎಂದ ದೂರಪ್ಪ.

ಆಮೇಲೆ ಬಂತು ಪೋಸ್ಟ್ ಮಾಸ್ಟರ ಮಗನ ಹುಟ್ಟುಹಬ್ಬ. ಬೀದಿಯ ಕೊನೆಯ ಕಟ್ಟಡದ ಮೇಲ್ಮಹಡಿಯಲ್ಲಿ ಅವರ ಮನೆ. ಹುಡುಗ ಬುಗುರಿಯ ತರಗತಿಯವನೇ. ದುಂಡಗೆ, ಮೆತ್ತಗೆ, ಯಾರಿಗೂ ಎದುರಾಡದ ಜೀವ. ಎಲ್ಲರೂ ಗುಂಡ ಎನ್ನುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಮಗಳನ್ನು ಕರೆದುಕೊಂಡು ಹೋಗಿದ್ದರು. ದೊಡ್ಡವರೆಲ್ಲ ನಡುಮನೆಯಲ್ಲಿ ಮಾತಿಗೆ ಕೂತರು, ಮಕ್ಕಳು ಒಳಕೋಣೆಯಲ್ಲಿ ಆಟಕ್ಕಿಳಿದವು. ಕೇಕು ಕತ್ತರಿಸುವ ಹೊತ್ತಿಗೆ ನೋಡಿದರೆ ಹುಟ್ಟುಹಬ್ಬದ ಹುಡುಗನೇ ಇಲ್ಲ!

ಹುಡುಕಿದಾಗ ಗುಂಡ ಮೆಟ್ಟಿಲ ಮೇಲೆ ಸಿಕ್ಕಿದ. ಬಣ್ಣದ ಕಾಗದದ ಕಿರೀಟ ಕಿವಿಯವರೆಗೆ ಇಳಿದಿತ್ತು. ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಯಾಕೋ ಕಂದಾ, ಇಲ್ಲಿ ಕೂತಿದ್ದೀಯ?" ಎಂದರು ಪೋಸ್ಟ್ ಮಾಸ್ಟರು.

"ಒಳಗೆ... ಜಾಗ ಇಲ್ವಂತೆ."

ಒಳಗೆ ಊಟದ ಮೇಜಿನ ಮೇಲೆ ಚಾದರ ಹೊದಿಸಿ ಕೊಡೆ ಮಾಡಲಾಗಿತ್ತು. ಅದರಡಿಯಲ್ಲಿ ಉಳಿದ ಮಕ್ಕಳೆಲ್ಲ ಮುದುಡಿ ಕೂತಿದ್ದರು. ಬಾಗಿಲಲ್ಲಿ ಬುಗುರಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಗುಂಡನನ್ನು ನೋಡಿದ್ದೇ, ಮುಳ್ಳುಹಂದಿಗೆ ಬಾತುಕೋಳಿ ಹೇಳುವ ಧಾಟಿಯಲ್ಲೇ "ನಿನಗೆ ಇಲ್ಲಿ ಜಾಗ ಇಲ್ಲ! ನೀನು ಚುಚ್ಚುತ್ತೀಯ!" ಎಂದಳು. ಆಮೇಲೆ ಕೋಟಿನವನ ಧಾಟಿಗೆ ತಿರುಗಿ, ಪೋಸ್ಟ್ ಮಾಸ್ಟರತ್ತ ಬೆರಳು ತೋರಿಸಿ, "ಮೊದಲು ನೀವು ಉತ್ತರ ಕೊಡಿ!" ಎಂದಳು.

ಪೋಸ್ಟ್ ಮಾಸ್ಟರು ಬಾಗಿ ಮಗನ ಕಿರೀಟ ಸರಿಮಾಡಿದರು, ಅಷ್ಟೇ. ಹೆಂಡತಿ ಬುಗುರಿಯನ್ನು ಎತ್ತಿಕೊಂಡು, ಕೇಕನ್ನೂ ಮುಟ್ಟದೆ, ಎರಡೆರಡು ಮೆಟ್ಟಿಲು ಹಾರಿ ಇಳಿದಳು. ದೂರಪ್ಪ ಹಿಂದಿನಿಂದ ಓಡಿದ. ಕಿಂಡಿಯ ಹಿಂದಿನ ವರ್ಷಾನುಗಟ್ಟಲೆಯ ತರಬೇತಿ ಸುಮ್ಮನೆ ಹೋಗುತ್ತದೆಯೇ? ಮನೆ ತಲುಪುವಷ್ಟರಲ್ಲಿ ಅವನಿಗೆ ತಪ್ಪಿತಸ್ಥರು ಸಿಕ್ಕಿಬಿಟ್ಟಿದ್ದರು.

"ಇದೆಲ್ಲ ಆ ಕಾರ್ಯಕ್ರಮದ್ದೇ ಕೆಲಸ. ಮುಂಚೆ ಇವಳು ತಳ್ತಿದ್ಲು ಅಷ್ಟೇ. ಈಗ ಡೈಲಾಗ್ ಹೇಳಿ ತಳ್ತಾಳೆ."

"ಪೂರ್ತಿ ತೋರಿಸ್ತಿದ್ದೀರಿ ತಾನೇ?"

"ಪೂರ್ತಿ ತೋರಿಸಿದ್ದಕ್ಕೇ ಹೀಗಾಗಿದ್ದು!" ಎಂದು ದೂರಪ್ಪ ಗುಡುಗಿದ. ಸುಳ್ಳು ಹೇಳುವಾಗ ಅವನ ದನಿ ಇಷ್ಟು ಜೋರಾಗುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಆ ವಾರವೇ ಶಿಶುವಿಹಾರದಲ್ಲಿ ತಂದೆತಾಯಿಯರ ಸಭೆ. ದೊಡ್ಡವರಿಗೆ ಬೇರೆ ಕುರ್ಚಿಗಳಿಲ್ಲದ್ದರಿಂದ ಎಲ್ಲರೂ ಮಕ್ಕಳ ಕುರ್ಚಿಗಳಲ್ಲೇ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಮಕ್ಕಳು ಮುಂದೆ ಚಾಪೆಯ ಮೇಲೆ. ಪೋಸ್ಟ್ ಮಾಸ್ಟರು ಕಿಟಕಿಯ ಬಳಿ, ದೂರಪ್ಪನ ಕಡೆಗೆ ನೋಡದೆ ಕೂತಿದ್ದರು. ಮಿಸ್ಸು, "ಕೊಡೆಯಡಿಯ ಗೆಳೆಯರು ನೋಡ್ತಿರೋ ಮನೆಗಳಲ್ಲಿ ಏನಾದ್ರೂ ಬದಲಾವಣೆ ಕಂಡಿದ್ಯಾ?" ಎಂದು ಕೇಳಿದ್ದೇ ತಡ, ದೂರಪ್ಪ ಎದ್ದ. ಅವನೊಂದಿಗೆ ಕುರ್ಚಿಯೂ ಎದ್ದಿತು. ಹೆಂಡತಿ ಅದನ್ನು ಕಿತ್ತು ಕೆಳಗಿಟ್ಟಳು. ಇದರಿಂದ ಭಾಷಣದ ಗಾಂಭೀರ್ಯಕ್ಕೆ ಭಂಗ ಬರಲಿಲ್ಲ.

"ಮಾನ್ಯರೇ! ಕಂಡಿದೆ, ಭಾರೀ ಬದಲಾವಣೆ ಕಂಡಿದೆ. ಇದು ಮಕ್ಕಳ ಕಾರ್ಯಕ್ರಮವಲ್ಲ, ಜಗಳದ ಗರಡಿಮನೆ! ಚೆಂಡು ಕಸಿಯೋದು ಹೇಗೆ ಅಂತ ಅಳಿಲು ಕಲಿಸುತ್ತೆ. ಪಾಪದವರನ್ನ ಆಚೆ ಹಾಕೋದು ಹೇಗೆ ಅಂತ ಬಾತುಕೋಳಿ ಕಲಿಸುತ್ತೆ. ನಾನು ದಿನಾ ಮಗಳ ಪಕ್ಕದಲ್ಲೇ ಕೂತು ಕಣ್ಣಾರೆ ನೋಡಿದ್ದೀನಿ. ನಮ್ಮ ಮುಗ್ಧ ಮಕ್ಕಳ ಮನಸ್ಸಿನ ಕೊಳಾಯಿಗೆ ಇಂಥ ಕೊಳಚೆ ನೀರು ಹರಿಸಿದವರು ಯಾರು? ಇದಕ್ಕೆ ಹೊಣೆ ಯಾರು?"

ಹಿಂದಿನ ಸಾಲಿನಲ್ಲಿ ಒಬ್ಬ ಮೀಸೆಯವರು ಚಪ್ಪಾಳೆ ತಟ್ಟಿದರು. ಇನ್ನಿಬ್ಬರು ಸೇರಿಕೊಂಡರು. ದೂರಪ್ಪ ಪುಳಕಿತನಾದ. ಜೀವನದಲ್ಲಿ ಮೊದಲ ಸಲ ದೂರು ಕೊಡುವವರ ಕಡೆ ನಿಂತಿದ್ದ. ಇದರಲ್ಲಿ ಇಷ್ಟು ಸುಖವಿದೆಯೆಂದು ಗೊತ್ತಿದ್ದರೆ ಕಿಂಡಿಯ ಆಚೆಯೇ ಉದ್ಯೋಗ ಹುಡುಕುತ್ತಿದ್ದ.

ಮಿಸ್ಸು ಬೇಸರಿಸಿಕೊಳ್ಳಲಿಲ್ಲ. "ನೀವು ಹೇಳೋದು ಗಂಭೀರವಾದ ವಿಷಯ. ಎಲ್ಲರೂ ಒಟ್ಟಿಗೆ ನೋಡೋಣ" ಎಂದು, ಸಭೆಗೆಂದೇ ತಂದಿದ್ದ ಲ್ಯಾಪ್‌ಟಾಪ್ ತೆರೆದು ಒಂದು ಕಂತು ಹಾಕಿದರು.

ಅದು ಮುಳ್ಳುಹಂದಿಯದೇ ಕಂತು. ಅಜ್ಜಿ ಗುಡ್ಡದಾಚೆಯಿಂದ ಹೊರಟಳು. ಬಾತುಕೋಳಿ ಸೊಂಟದ ಮೇಲೆ ರೆಕ್ಕೆಯಿಟ್ಟು "ನಿನಗೆ ಇಲ್ಲಿ ಜಾಗ ಇಲ್ಲ!" ಎಂದಿತು. ದೂರಪ್ಪ ಸುತ್ತ ನೋಡಿ, ಕಂಡಿರಾ ಎಂಬಂತೆ ಕೈ ಚಾಚಿದ. ಮುಳ್ಳುಹಂದಿ ಕೊಡೆಯಾಚೆ ಹೋಗಿ ಅಳತೊಡಗಿತು. ಅಜ್ಜಿ ಕಲ್ಲಿನ ಮೇಲೆ ಕೂತಳು.

ಆಗ ಚಾಪೆಯ ಮೇಲಿಂದ ಬುಗುರಿ ಎದ್ದಳು. ಲಂಗ ಕೊಡವಿಕೊಂಡಳು.

"ಮುಗೀತು" ಎಂದಳು.

"ಇಲ್ಲ ಕಂದಾ, ಇನ್ನೂ ಇದೆ" ಎಂದರು ಮಿಸ್ಸು.

"ಇಲ್ಲ ಮಿಸ್, ಇಷ್ಟೇ. ಈಗ ಕೋಟಿನ ಮಾಮ ಬರ್ತಾರೆ. ಕಿರುಚೋ ಮಾಮ."

ಉಳಿದ ಮಕ್ಕಳು ಗಲಾಟೆ ಎಬ್ಬಿಸಿದವು. "ಏಯ್, ಆಮೆ ಅಜ್ಜಿ ಇನ್ನೂ ಬಂದೇ ಇಲ್ಲ!"

"ಆಮೆ ಅಜ್ಜಿ ಬರಲ್ಲ" ಎಂದಳು ಬುಗುರಿ, ಏನೂ ತಿಳಿಯದವರಿಗೆ ತಿಳಿಹೇಳುವ ತಾಳ್ಮೆಯಿಂದ. "ಯಾವತ್ತೂ ಬರಲ್ಲ. ಬರ್ತಾನೇ ಇರ್ತಾಳೆ, ಅಷ್ಟೇ. ಅವಳಿಗೆ ಕಾಲುನೋವು. ಅಪ್ಪ ಹೇಳಿದ್ರು."

ದೂರಪ್ಪನಿಗೆ ಮೊದಲು ಕಿವಿ ಬಿಸಿಯಾಯಿತು, ಆಮೇಲೆ ಕುತ್ತಿಗೆ, ಆಮೇಲೆ ಶರ್ಟಿನೊಳಗೆ ಎಲ್ಲೆಲ್ಲೋ. ಪಕ್ಕದಲ್ಲಿ ಹೆಂಡತಿಯ ತಲೆ ನಿಧಾನಕ್ಕೆ, ಬಹಳ ನಿಧಾನಕ್ಕೆ, ಅವನ ಕಡೆಗೆ ತಿರುಗತೊಡಗಿತು. ರೋಗಿಗಳಿಗೆ ಹೇಳಿಕೊಡುವ ವ್ಯಾಯಾಮದಂತೆಯೇ ಇತ್ತು. ಅವನು ಅತ್ತ ನೋಡಲಾರದೆ ಲ್ಯಾಪ್‌ಟಾಪಿನತ್ತಲೇ ಕಣ್ಣು ನೆಟ್ಟ.

ಅಲ್ಲಿ ಅಜ್ಜಿ ಕಲ್ಲಿನಿಂದ ಎದ್ದಳು. ಕೋಲೂರಿದಳು. ಒಂದೊಂದೇ ಹೆಜ್ಜೆ ಇಟ್ಟು ಹುಲ್ಲುಗಾವಲು ದಾಟಿ, ಕೊಡೆಯಾಚೆ ಅಳುತ್ತಿದ್ದ ಮುಳ್ಳುಹಂದಿಯ ಪಕ್ಕದಲ್ಲಿ ಬಂದು ಕೂತಳು.

"ಅಪ್ಪಾ!" ಬುಗುರಿ ಚೀರಿದಳು. "ಅಪ್ಪಾ, ಅಜ್ಜಿ ಬಂದ್ಲು! ನೋಡಿ, ಬಂದ್ಲು! ಕಾಲುನೋವು ವಾಸಿಯಾಯ್ತು!"

ಅವಳು ಚಪ್ಪಾಳೆ ತಟ್ಟಿ ಕುಣಿಯುತ್ತಿದ್ದಳು. ಉಳಿದ ಮಕ್ಕಳು ಇವಳಿಗೇನಾಯಿತು ಎಂದು ನೋಡುತ್ತಿದ್ದವು. ಅವಕ್ಕೆ ಅಜ್ಜಿ ಬರುವುದು ದಿನದ ಮಾತು. ಅಜ್ಜಿ ಬಾತುಕೋಳಿಯನ್ನು ಕರೆದು ಬೈಯಲಿಲ್ಲ. ನೀನೇನು ಮಾಡಿದೆ ಹೇಳು ಎಂದಳು, ಅವನಿಗೆ ಹೇಗಾಯಿತು ನೋಡು ಎಂದಳು, ಈಗ ನಾನೇನು ಮಾಡಲಿ ಅಂತ ಅವನನ್ನೇ ಕೇಳು ಎಂದಳು. ಬಾತುಕೋಳಿ ತಲೆತಗ್ಗಿಸಿ ಒಂದೊಂದಾಗಿ ಹೇಳುತ್ತ ಹೋದ ಹಾಗೆ ಚಾಪೆಯ ಮೇಲಿನ ಮಕ್ಕಳೆಲ್ಲ ಬಾಯಿಪಾಠದಂತೆ ಜೊತೆಗೆ ಹೇಳಿದರು. ಬುಗುರಿಗೊಬ್ಬಳಿಗೆ ಬರಲಿಲ್ಲ. ಅವಳು ಸುಮ್ಮನೆ ತುಟಿ ಅಲ್ಲಾಡಿಸುತ್ತಾ, ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡುತ್ತಿದ್ದಳು.

ಅದನ್ನು ಕಂಡಾಗ ದೂರಪ್ಪನ ನಾಚಿಕೆಯ ಬಣ್ಣವೇ ಬದಲಾಯಿತು. ಅಲ್ಲಿಯವರೆಗೆ ಸಿಕ್ಕಿಬಿದ್ದ ನಾಚಿಕೆ. ಅದು ಅವನಿಗೆ ಪರಿಚಿತ. ಇದು ಬೇರೆ. ಹಿಂದಿನ ಸಾಲಿನ ಮೀಸೆಯವರು ಚಪ್ಪಾಳೆ ತಟ್ಟಿದ ಕೈಗಳನ್ನು ಜೇಬಿನೊಳಗೆ ಅಡಗಿಸಿದ್ದರು. ಮಿಸ್ಸು ಹತ್ತಿರ ಬಂದು, ಅದೇ ಜೋಗುಳದ ದನಿಯಲ್ಲಿ, "ಪರವಾಗಿಲ್ಲ, ಎಷ್ಟೋ ಮನೆಗಳಲ್ಲಿ ಹೀಗಾಗುತ್ತೆ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವನು ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಬಾಯಲ್ಲಿ ಒಂದೇ ಒಂದು ಪದ ಸಿದ್ಧವಾಗಿ ಕೂತಿತ್ತು, ಅದೂ ಕಚೇರಿಯದು. ಬಾಯಿ ಮುಚ್ಚಿಕೊಂಡ.

ಮನೆಗೆ ಬರುವ ದಾರಿಯಲ್ಲಿ ಹೆಂಡತಿ ಮಾತಾಡಲಿಲ್ಲ. ಮನೆಯಲ್ಲೂ ಮಾತಾಡಲಿಲ್ಲ. ಅವಳು ಕೂಗಾಡಿದ್ದರೆ ದೂರಪ್ಪನೂ ನಾಲ್ಕು ಮಾತು ಕೂಗಿ ಹಗುರಾಗುತ್ತಿದ್ದ. ಕೊನೆಗೆ ಅವನೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಏನಾದ್ರೂ ಬೈಯೇ" ಎಂದ.

"ಕೈ ಎರಡಿವೆಯಲ್ಲ ಅಂದ್ರಿ" ಎಂದಳು ಅವಳು, ಪಾತ್ರೆ ತಿಕ್ಕುವುದನ್ನು ನಿಲ್ಲಿಸದೆ. "ನಾನು ಅದನ್ನ ಕ್ಲಿನಿಕ್ಕಲ್ಲಿ ಎಲ್ಲರಿಗೂ ಹೇಳಿದ್ದೆ ಕಣ್ರೀ. ನಮ್ಮನೆಯವರು ಮಗಳ ಜೊತೆ ಕೂತು ನೋಡ್ತಾರೆ, ಎಷ್ಟು ತಮಾಷೆಯಾಗಿ ಪಾಠ ಹೇಳ್ತಾರೆ ಅಂತ. ಹೆಮ್ಮೆಯಿಂದ ಹೇಳಿದ್ದೆ."

ದೂರಪ್ಪ ಒರೆಸುವ ಬಟ್ಟೆ ತೆಗೆದುಕೊಂಡು, ಅವಳು ತೊಳೆದಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಒರೆಸಿದ. ಒಣಗಿದ್ದನ್ನೂ ಒರೆಸಿದ.

ಮರುದಿನ ಸಂಜೆಯಿಂದ ಕೋಟಿನ ಮಾಮ ಆ ಮನೆಗೆ ಬರುವುದು ನಿಂತಿತು. ಅಪ್ಪ ಮಗಳು ಇಬ್ಬರೂ ಅಜ್ಜಿ ಬರುವವರೆಗೆ ಕೂತರು, ಬಂದ ಮೇಲೂ ಕೂತರು. ಮೊದಮೊದಲು ದೂರಪ್ಪನ ಹೆಬ್ಬೆರಳು ಆ ಹೊತ್ತಿಗೆ ತಾನಾಗಿಯೇ ಮಿಡುಕುತ್ತಿತ್ತು. ರಿಮೋಟನ್ನು ಬುಗುರಿಯ ಕೈಗೆ ಕೊಟ್ಟು, ಆ ಬೆರಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದ.

"ಬಾತುಕೋಳಿ ಯಾಕೆ ತಲೆ ತಗ್ಗಿಸ್ತು?" ಎಂದು ಒಮ್ಮೆ ಅವನೇ ಮಗಳನ್ನು ಕೇಳಿದ, ಮಿಸ್ಸು ಹೇಳಿಕೊಟ್ಟಂತೆ.

"ನಾಚಿಕೆ ಆಯ್ತಲ್ಲ ಅದಕ್ಕೆ" ಎಂದಳು ಬುಗುರಿ. ಸ್ವಲ್ಪ ಹೊತ್ತು ಯೋಚಿಸಿ, "ಅಪ್ಪಾ, ಗುಂಡ ಈಗ್ಲೂ ಅಳ್ತಿರ್ತಾನಾ?" ಎಂದಳು.

ರಜಾದಿನದ ಬೆಳಿಗ್ಗೆ ಇಬ್ಬರೂ ಪೋಸ್ಟ್ ಮಾಸ್ಟರ ಮನೆಯ ಮೆಟ್ಟಿಲು ಹತ್ತಿದರು. ಬಾಗಿಲು ತೆರೆದವರು ಪೋಸ್ಟ್ ಮಾಸ್ಟರೇ. ಅವರ ಹಿಂದಿನಿಂದ ಗುಂಡ ಇಣುಕಿದ.

ಬುಗುರಿ ಒಂದು ಹೆಜ್ಜೆ ಮುಂದೆ ಹೋದಳು. "ಗುಂಡಾ, ನಾನು ನಿನ್ನ ಆಚೆ ಹಾಕ್ದೆ. ನಿಂಗೆ ಅಳು ಬಂತು. ತಪ್ಪಾಯ್ತು. ಈಗ ನಾನೇನ್ ಮಾಡ್ಲಿ?"

ಗುಂಡ ಬಹಳ ಯೋಚಿಸಿದ. "ನಿನ್ನ ಸೈಕಲ್ಲು... ಒಂದು ಸುತ್ತು?"

ಬುಗುರಿ ಗುಟುಕ್ಕನೆ ಉಗುಳು ನುಂಗಿದಳು. ಆ ಸೈಕಲ್ಲಿನ ಬೆಲ್ಲನ್ನು ಅವಳು ಇನ್ನೊಬ್ಬರಿಗೆ ಮುಟ್ಟಲೂ ಬಿಟ್ಟವಳಲ್ಲ. "ಸರಿ" ಎಂದಳು. ಅಷ್ಟೇ, ಇಬ್ಬರ ವ್ಯವಹಾರ ಮುಗಿಯಿತು. ಗುಂಡ ಚಪ್ಪಲಿ ಹುಡುಕಲು ಓಡಿದ.

ಉಳಿದವನು ದೂರಪ್ಪ. ಪೋಸ್ಟ್ ಮಾಸ್ಟರು ಕಾಯುತ್ತಾ ನಿಂತಿದ್ದರು.

ದೂರಪ್ಪ ಗಂಟಲು ಸರಿಪಡಿಸಿಕೊಂಡ. "ಸದರಿ ಹುಟ್ಟುಹಬ್ಬದಂದು ನಮ್ಮ ಕಡೆಯಿಂದ ಉಂಟಾಗಿರಬಹುದಾದ ಅನನುಕೂಲತೆಗೆ ವಿಷಾದಿಸಲಾಗುತ್ತದೆ."

"ಅಪ್ಪಾ, ಹಾಗಲ್ಲ" ಎಂದು ಬುಗುರಿ ಅವನ ಪ್ಯಾಂಟು ಜಗ್ಗಿದಳು. "ಏನ್ ಮಾಡಿದ್ರಿ ಅಂತ ಮೊದಲು ಹೇಳ್ಬೇಕು."

ದೂರಪ್ಪ ನೆಲ ನೋಡಿದ. ತೀರಾ ಸಣ್ಣ ದನಿಯಲ್ಲಿ ಶುರುಮಾಡಿದ. "ಅವಳಿಗೆ ನಾನು ಅರ್ಧ ಮಾತ್ರ ತೋರಿಸ್ದೆ ಸಾರ್. ಪೂರ್ತಿ ಅಂತ ಮನೇಲಿ ಸುಳ್ಳು ಹೇಳ್ದೆ. ಎಲ್ಲರೆದುರು ಎದ್ದು ನಿಂತು ತಪ್ಪನ್ನ ಬೇರೆಯವರ ತಲೆಗೆ ಕಟ್ಟಿದೆ. ನಿಮ್ಮ ಹುಡುಗ ಅವನ ಹುಟ್ಟುಹಬ್ಬದ ದಿನಾನೇ ಮೆಟ್ಟಿಲ ಮೇಲೆ ಕೂತು ಅತ್ತ." ಇಲ್ಲಿ ಒಂದು ದೊಡ್ಡ ಉಸಿರು ಬೇಕಾಯಿತು. "ತಪ್ಪಾಯ್ತು. ಈಗ... ನಾನೇನು ಮಾಡ್ಲಿ?"

ಕೊನೆಯ ಪ್ರಶ್ನೆಯನ್ನು ಅವನು ಸಂಪ್ರದಾಯಕ್ಕೆ ಕೇಳಿದ್ದು. ಏನೂ ಬೇಡ ಬಿಡಿ, ಒಳಗೆ ಬನ್ನಿ, ಕಾಫಿ ಕುಡಿಯಿರಿ ಎನ್ನುತ್ತಾರೆಂದೇ ಅವನ ಲೆಕ್ಕ. ಪೋಸ್ಟ್ ಮಾಸ್ಟರು ಅವನನ್ನು ಒಂದು ಕ್ಷಣ ನೋಡಿ, ಒಳಗೆ ಹೋಗಿ, ಎರಡು ಖಾಲಿ ಕೊಡಗಳನ್ನು ಹಿಡಿದು ಬಂದರು.

"ಮಾಡೋದಾದ್ರೆ ಕೆಲಸ ಇದೆ. ನಮ್ಮ ಮೇಲ್ಮಹಡಿಗೆ ನೀರು ಹತ್ತಿ ಎಷ್ಟೋ ದಿನ ಆಯ್ತು. ಕೆಳಗೆ ಬೀದಿ ನಲ್ಲಿಯಿಂದ ಹೊತ್ತು ತರ್ತೀವಿ. ನಿಮ್ಮ ಕಿಂಡಿ ಮುಂದೆ ನಾನು ಎಷ್ಟೋ ಸಲ ನಿಂತು ಬಂದಿದ್ದೀನಿ ದೂರಪ್ಪನೋರೇ. ನೀವು ತಲೆ ಎತ್ತಿ ನೋಡ್ಲಿಲ್ಲ."

ದೂರಪ್ಪನ ನಾಲಿಗೆ ತನ್ನ ಹಳೆಯ ಜಾಡಿಗೆ ಹೊರಟಿತು. "ಪರಿ..." ಎನ್ನುವಷ್ಟರಲ್ಲಿ ಕೆಳಗಿನಿಂದ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಕೈ ಚಾಚಿ ಕೊಡಗಳನ್ನು ತೆಗೆದುಕೊಂಡ.

ಮೊದಲ ಸುತ್ತು ಹತ್ತಿಯಷ್ಟು ಹಗುರಾಗಿ ಹತ್ತಿದ. ಎರಡನೆಯ ಸುತ್ತಿಗೆ ಮೊಣಕಾಲು ಕೂಗಿತು. ಮೂರನೆಯದಕ್ಕೆ ಇಳಿದಾಗ ಕೆಳಮನೆಯ ದರ್ಜಿ ಹೊರಬಂದು ಕಣ್ಣುಜ್ಜಿಕೊಂಡು ನೋಡಿದ. ಎದುರು ಮನೆಯ ಅಜ್ಜಿ ಕಿಟಕಿ ತೆರೆದರು. ಅಷ್ಟೇ ಸಾಕಾಯಿತು. ನೀರಿನ ಆಫೀಸಿನವರು ತಪ್ಪೊಪ್ಪಿಕೊಂಡು ಮನೆಮನೆಗೆ ನೀರು ಹೊರುತ್ತಿದ್ದಾರಂತೆ ಎಂಬ ಸುದ್ದಿ ಬೀದಿಯ ಆ ತುದಿ ಮುಟ್ಟಿ ಈ ತುದಿಗೆ ವಾಪಸು ಬರುವಷ್ಟರಲ್ಲಿ, ನಲ್ಲಿಯ ಮುಂದೆ ಕೊಡ, ಬಕೆಟ್ಟು, ಡ್ರಮ್ಮು ಹಿಡಿದು ಜನ ನೆರೆದಿದ್ದರು.

"ಸಾರ್, ನಮ್ಮನೆಗೂ ಒಂದು ತಪ್ಪಾಯ್ತು ಬಾಕಿ ಇದೆ" ಎಂದ ದರ್ಜಿ.

"ನನಗೆ ನೀವು ಹೋದ ತಿಂಗಳೇ ಹೇಳ್ಬೇಕಿತ್ತು, ನನ್ನದು ಮೊದಲು" ಎಂದರು ಎದುರು ಮನೆಯ ಅಜ್ಜಿ, ಊರುಗೋಲಿನಿಂದ ದಾರಿ ಮಾಡಿಕೊಳ್ಳುತ್ತಾ.

ಗಲಾಟೆ ಕೇಳಿ ಹೆಂಡತಿ ಬಂದಳು. ದೂರಪ್ಪ ಪಾರುಗಾಣಿಸೆಂಬಂತೆ ಅವಳ ಕಡೆ ನೋಡಿದ. ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದಳು. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳ ತುಟಿಯ ಕೊನೆ ಸ್ವಲ್ಪ ಅಲುಗಿತು.

"ಬೆನ್ನು ನೆಟ್ಟಗಿರಲಿ. ಮೊಣಕಾಲು ಬಗ್ಗಿಸಿ ಎತ್ತಿ" ಎಂದಳು. "ಸೊಂಟ ಹಿಡ್ಕೊಂಡ್ರೆ ಕ್ಲಿನಿಕ್ಕಿಗೆ ಬನ್ನಿ. ಆದ್ರೆ ಅಲ್ಲೂ ಸಾಲಲ್ಲಿ ಕೂರ್ಬೇಕು."

ಇಷ್ಟರಲ್ಲಿ ನಲ್ಲಿಯ ಬಳಿ ತಳ್ಳಾಟ ಶುರುವಾಗಿತ್ತು. ದರ್ಜಿಯ ಬಕೆಟ್ಟು ಮುಂದೆ, ಅಜ್ಜಿಯ ಕೊಡ ಅದಕ್ಕೂ ಮುಂದೆ. ಸೈಕಲ್ಲನ್ನು ಗುಂಡನಿಗೆ ಬಿಟ್ಟುಕೊಟ್ಟು ಖಾಲಿ ಕೈಯಲ್ಲಿದ್ದ ಬುಗುರಿ ಎಲ್ಲರ ನಡುವೆ ನುಸುಳಿ, ನಲ್ಲಿಯ ಕಟ್ಟೆ ಹತ್ತಿ, ಎರಡೂ ಕೈ ಮೇಲೆತ್ತಿದಳು.

"ಯಾರೂ ತಳ್ಳಬಾರ್ದು! ಸಾಲಾಗಿ ನಿಲ್ಲಿ. ಎಲ್ಲರ ಸರದಿನೂ ಬರುತ್ತೆ" ಎಂದಳು. ಆಮೇಲೆ ಅಪ್ಪನ ಕಡೆಗೊಮ್ಮೆ ನೋಡಿ, ತುಂಬು ಉದಾರತೆಯಿಂದ ಸೇರಿಸಿದಳು: "ನಮ್ಮಪ್ಪ ಒಬ್ರೇ ಇರೋದು. ಹಂಚ್ಕೋಬೇಕು."

ಬೀದಿಯವರು ಮರುಮಾತಿಲ್ಲದೆ ಸಾಲಾದರು. ದೂರಪ್ಪ ಮೊಣಕಾಲು ಬಗ್ಗಿಸಿ ಅಜ್ಜಿಯ ಕೊಡ ಎತ್ತಿದ.